ಅಡುಗೆಮನೆ ನೆಲದಲ್ಲೊಂದು ಮ್ಯಾನ್‌ಹೋಲ್

ಎಲ್ಲರಿಗೂ ನಮಸ್ಕಾರ. ಈಗ ನೀವು ನೋಡುತ್ತಿರುವುದು ನಮ್ಮ ಅಡುಗೆಮನೆ. ಆ ಗಾಜಿನ ಬಾಗಿಲು, ಅದರಾಚೆ ತೋಟ, ಮೇಲಿಂದ ಬೀಳುವ ಬೆಳಕು. ಮೊದಲ ಸಲ ಮನೆ ನೋಡೋಕೆ ಬಂದಾಗ ನಾನು ಮರುಳಾಗಿದ್ದೇ ಈ ಬೆಳಕಿಗೆ. ಕಾಲ ಕೆಳಗೆ ಒಂದು ದಪ್ಪ ಮ್ಯಾಟ್ ಇತ್ತು. ಅದನ್ನ ಎತ್ತಿ ನೋಡಬೇಕು ಅಂತ ನನಗೆ ಹೊಳೆಯಲೇ ಇಲ್ಲ.

ಎತ್ತಿದ್ದು ಸರ್ವೇಯರ್, ಅಂದರೆ ಕೊಳ್ಳುವ ಮುಂಚೆ ಮನೆ ತಪಾಸಣೆ ಮಾಡುವವರು. ಕೆಳಗೆ ಕಬ್ಬಿಣದ ಮ್ಯಾನ್‌ಹೋಲ್ ಮುಚ್ಚಳ! ಅಡುಗೆಮನೆ ಒಳಗೆ! ರಿಪೋರ್ಟಿನಲ್ಲಿ ಫೋಟೋ ನೋಡಿ ನಾನು, ನನ್ನ ಗಂಡ ಇಬ್ಬರೂ ಮುಖ ಮುಖ ನೋಡಿಕೊಂಡೆವು.

ಮನೆ ಇರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. 1930ರ ದಶಕದ ಸೆಮಿ, ಅಂದರೆ ಪಕ್ಕದ ಮನೆಗೂ ನಮಗೂ ಒಂದು ಗೋಡೆ ಒಂದೇ. ಹಿಂದುಗಡೆ 3 ಮೀಟರ್ ಎಕ್ಸ್‌ಟೆನ್ಶನ್, 2009ರಲ್ಲಿ ಕಟ್ಟಿದ್ದು. ಹೊರಗಿದ್ದ ಮ್ಯಾನ್‌ಹೋಲ್ ಅಡುಗೆಮನೆ ಒಳಗೆ ಸೇರಿದ್ದು ಹಾಗೆ. ಮಾರುತ್ತಿದ್ದವರು ಒಬ್ಬ ಅಜ್ಜಿ. ತೀರಿಹೋದ ಗಂಡನ ಸ್ನೇಹಿತರೊಬ್ಬರು ಕಟ್ಟಿಕೊಟ್ಟಿದ್ದರಂತೆ. "ಅದಕ್ಕೆ ಪ್ಲಾನಿಂಗ್ ಪರ್ಮಿಷನ್ ಬೇಕಿರಲಿಲ್ಲ" ಅಂದರು.

ಅದು ನಿಜವೇ. ಇಂಥ ಮನೆಗೆ ಹಿಂದೆ 3 ಮೀಟರ್‌ವರೆಗೆ ಒಂದಂತಸ್ತು ಕಟ್ಟಲು ಸಾಮಾನ್ಯವಾಗಿ ಪ್ಲಾನಿಂಗ್ ಬೇಡ. ಆದರೆ ಬಿಲ್ಡಿಂಗ್ ರೆಗ್ಯುಲೇಷನ್ಸ್ ಅನ್ನುವುದು ಬೇರೆಯೇ ಲೆಕ್ಕ. ಪ್ಲಾನಿಂಗ್‌ನವರು ಕೇಳುವುದು ಇಲ್ಲಿ ಕಟ್ಟಬಹುದಾ ಅಂತ. ಬಿಲ್ಡಿಂಗ್ ಕಂಟ್ರೋಲ್‌ನವರು ಕೇಳುವುದು ಕಟ್ಟಿದ್ದು ನೆಟ್ಟಗಿದೆಯಾ ಅಂತ. ಪಾಯ, ತೊಲೆ, ಚರಂಡಿ, ವೈರಿಂಗ್, ಚಳಿ ತಡೆಯುವ ಇನ್ಸುಲೇಷನ್ ಎಲ್ಲ ನೋಡಿ ಕೊನೆಗೆ ಕಂಪ್ಲೀಷನ್ ಸರ್ಟಿಫಿಕೇಟ್ ಕೊಡಬೇಕು. ಅಜ್ಜಿ ಹತ್ತಿರ ಅದು ಇರಲಿಲ್ಲ. ಯಾರೂ ಬಂದು ನೋಡೇ ಇರಲಿಲ್ಲ.

ನಮ್ಮ ಸಾಲಿಸಿಟರ್, ಅಂದರೆ ಮನೆ ಕೊಳ್ಳುವ ಕಾಗದಪತ್ರ ನೋಡಿಕೊಳ್ಳುವ ವಕೀಲರು, ಎರಡೇ ಸಾಲಿನ ಮೇಲ್ ಹಾಕಿದರು. ಇಂಡೆಮ್ನಿಟಿ ಇನ್ಶೂರೆನ್ಸ್ ಮಾಡಿಸೋಣ, ಮಾರುವವರೇ ದುಡ್ಡು ಕೊಡುತ್ತಾರೆ, ಸಾಲ ಕೊಡುವ ಬ್ಯಾಂಕೂ ಒಪ್ಪುತ್ತದೆ. ಒಂದೇ ಸಲ ಕಟ್ಟುವುದು, ಕೆಲವು ನೂರು ಪೌಂಡ್ ಅಷ್ಟೇ. ನಾವೂ ಹೂಂ ಅನ್ನುವುದರಲ್ಲಿದ್ದೆವು.

ಆಗ ಅಪ್ಪನಿಗೆ ಫೋನ್ ಮಾಡಿದೆ. ಹಾಸನದಲ್ಲಿ ತಾವೇ ನಿಂತು ಮನೆ ಕಟ್ಟಿಸಿದವರು. ಮೊದಲು ನಕ್ಕರು. "ಅಲ್ಲೂ ಅಕ್ರಮ-ಸಕ್ರಮ ಇದೆಯೇನಮ್ಮ?" ಆಮೇಲೆ ಕೇಳಿದರು, "ನಾಳೆ ಸೂರು ಕುಸಿದರೆ ಆ ಇನ್ಶೂರೆನ್ಸ್‌ನವನು ಕೊಡ್ತಾನಾ?"

ಪಾಲಿಸಿ ತೆಗೆದು ಓದಿದೆ. ಕೊಡಲ್ಲ. ಕೌನ್ಸಿಲ್, ಅಂದರೆ ಇಲ್ಲಿನ ನಗರಸಭೆ, ನೋಟಿಸ್ ಕೊಟ್ಟು ಕ್ರಮಕ್ಕೆ ಇಳಿದರೆ ಆಗುವ ನಷ್ಟಕ್ಕೆ ಮಾತ್ರ ಅದು. ಗೋಡೆ ಬಿರುಕು ಬಿಟ್ಟರೆ, ಸೂರು ಸೋರಿದರೆ ನಮ್ಮ ಹಣೆಬರಹ. ಅಂಥ ನೋಟಿಸ್ ಕೊಡಲು ಮುಂಚೆ ಕೌನ್ಸಿಲ್‌ಗೆ ಕೆಲಸ ಮುಗಿದ ಮೇಲೆ 12 ತಿಂಗಳು ಟೈಮ್ ಇತ್ತು. 2023ರ ಅಕ್ಟೋಬರ್‌ನಿಂದ ಇಂಗ್ಲೆಂಡಿನಲ್ಲಿ ಅದು 10 ವರ್ಷ ಆಗಿದೆ. ನಮ್ಮದು ಅದಕ್ಕೂ ಹಳೆಯದು. ಬರುವ ಸಾಧ್ಯತೆ ಕಡಿಮೆ ಇರುವ ಕೌನ್ಸಿಲ್‌ಗೆ ವಿಮೆ, ತಲೆ ಮೇಲಿರುವ ತೊಲೆಗೆ ಏನೂ ಇಲ್ಲ. ಅಗ್ಗಕ್ಕೆ ಸಿಗುವುದು ಸುಮ್ನೆ ಅಲ್ಲ!

ಇನ್ನೊಂದು ಷರತ್ತಿದೆ. ಈ ಎಕ್ಸ್‌ಟೆನ್ಶನ್ ಬಗ್ಗೆ ನಾವಾಗಲಿ ಮಾರುವವರಾಗಲಿ ಕೌನ್ಸಿಲ್‌ಗೆ ಒಂದು ಫೋನ್ ಮಾಡಿದರೂ ಸಾಕು, ಪಾಲಿಸಿ ಕೈಬಿಟ್ಟ ಹಾಗೆ. ಹಾಗಾಗಿ ಗೊತ್ತಿಲ್ಲದೆ "ವಿಚಾರಿಸೋಣ" ಅಂತ ಫೋನ್ ಎತ್ತಬೇಡಿ. ನನ್ನ ಗಂಡ ನಂಬರ್ ಒತ್ತಿ ಕಿವಿಗೆ ಇಟ್ಟುಕೊಂಡಿದ್ದರು, ಕಿತ್ತುಕೊಂಡೆ.

ಇನ್ನೊಂದು ದಾರಿ ರೆಗ್ಯುಲರೈಸೇಷನ್. ಅಪ್ಪ ಹೇಳಿದ ಸಕ್ರಮ ಅನ್ನಿ. 1985ರ ನವೆಂಬರ್ 11ರ ನಂತರ ಅನುಮತಿ ಇಲ್ಲದೆ ಆದ ಕೆಲಸಕ್ಕೆ ಕೌನ್ಸಿಲ್‌ಗೇ ಅರ್ಜಿ ಹಾಕಬಹುದು. ಅವರು ಬಂದು, ಬೇಕಾದರೆ ಅಗೆಸಿ, ಒಡೆಸಿ ನೋಡುತ್ತಾರೆ. ಆದರೆ ಅರ್ಜಿ ಹಾಕಿದ ಕ್ಷಣ ಇನ್ಶೂರೆನ್ಸ್ ಬಾಗಿಲು ಮುಚ್ಚುತ್ತದೆ. ನಮಗೊಬ್ಬರಿಗೇ ಅಲ್ಲ, ಮುಂದೆ ಕೊಳ್ಳಲು ಬರುವವರಿಗೂ.

ಅಜ್ಜಿಗೆ ಇದ್ದ ಭಯ ಅದೇ. ಇಲ್ಲಿ ಕಾಂಟ್ರಾಕ್ಟ್ ಎಕ್ಸ್‌ಚೇಂಜ್, ಅಂದರೆ ಎರಡೂ ಕಡೆಯವರು ಸಹಿ ಹಾಕಿದ ಒಪ್ಪಂದ ಅದಲುಬದಲು, ಆಗುವವರೆಗೆ ಯಾರು ಬೇಕಾದರೂ ಕೈ ತೊಳೆದುಕೊಂಡು ಹೋಗಬಹುದು. ಅದೇ ಅಡುಗೆಮನೆಯಲ್ಲಿ ನಮ್ಮನ್ನ ಕೂರಿಸಿ, ಟೀ ಕೊಟ್ಟು, ನೇರವಾಗಿ ಕೇಳಿದರು: "ನಾನು ಅರ್ಜಿ ಹಾಕಿದ ಮೇಲೆ ನೀವು ಬೇಡ ಅಂದರೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಟೀ ಜೊತೆ ಬಿಸ್ಕೆಟ್ ಬೇರೆ ಇಟ್ಟಿದ್ದರು, ನುಂಗೋಕಾಗಲಿಲ್ಲ.

ಕೊನೆಗೆ ಮೊದಲು ನಮ್ಮ ಖರ್ಚಿನಲ್ಲಿ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್‌ನ ಕರೆಸೋಣ, ಕೌನ್ಸಿಲ್ ಆಮೇಲೆ ಅಂತ ಒಪ್ಪಿಕೊಂಡೆವು. ಹಳೆ ಹಿಂಗೋಡೆ ತೆಗೆದ ಜಾಗದಲ್ಲಿ ಮೇಲೆ ಪ್ಲಾಸ್ಟರ್‌ಬೋರ್ಡ್ ಕೊಯ್ದರು. ನೋಡಿ, ಈ ಕ್ಲಿಪ್ಪಿನಲ್ಲಿ ಕಾಣುತ್ತದೆ. ಉಕ್ಕಿನ ತೊಲೆ ಗಟ್ಟಿಯಾಗಿಯೇ ಇದೆ. ಎಡಗಡೆ ತುದಿ ಕಾಂಕ್ರೀಟ್ ಕಲ್ಲಿನ ಮೇಲೆ ಕೂತಿದೆ. ಬಲಗಡೆ ತುದಿ? ಬರೀ ಇಟ್ಟಿಗೆ ಮೇಲೆ. ಕೆಳಗಿನ ಇಟ್ಟಿಗೆಯಲ್ಲಿ ಕೂದಲಿನಷ್ಟು ಸೀಳು. ಅಪ್ಪನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. "ಅಯ್ಯೋ, ಬೆಡ್ ಬ್ಲಾಕ್ ಹಾಕೇ ಇಲ್ಲ" ಅಂದರು. ಇಂಜಿನಿಯರ್ ಹೇಳಿದ್ದೂ ಅದೇ. ಇಲ್ಲಿ ಅದಕ್ಕೆ ಪ್ಯಾಡ್‌ಸ್ಟೋನ್ ಅನ್ನುತ್ತಾರೆ.

ಸರಿಮಾಡಬಹುದಾದ ತಪ್ಪು. ಅದು ಗೊತ್ತಾದ ಮೇಲೆ ನಮಗೆ ಧೈರ್ಯ ಬಂತು, ನಮ್ಮ ಧೈರ್ಯ ನೋಡಿ ಅಜ್ಜಿಗೂ ಬಂತು. ಅವರೇ ಅರ್ಜಿ ಹಾಕಿದರು. ಕೌನ್ಸಿಲ್‌ನ ಇನ್ಸ್‌ಪೆಕ್ಟರ್ ತೋಟದಲ್ಲಿ ಗೋಡೆ ಪಕ್ಕ ಗುಂಡಿ ತೆಗೆಸಿ ಟೇಪ್ ಇಳಿಸಿದರು. ಪಾಯ 1 ಮೀಟರ್‌ಗಿಂತ ಸ್ವಲ್ಪ ಜಾಸ್ತಿಯೇ ಇತ್ತು. ಸೂರಿನಲ್ಲಿ ಮಾತ್ರ ಇನ್ಸುಲೇಷನ್ ಅಂತ ಹೆಸರಿಗೆ ಒಂದಿಷ್ಟು ತುರುಕಿದ್ದರು. ಪ್ಯಾಡ್‌ಸ್ಟೋನ್, ಇನ್ಸುಲೇಷನ್, ಅರ್ಜಿ ಫೀಸು, ಎಲ್ಲದರ ಖರ್ಚು ಅಜ್ಜಿಗೂ ನಮಗೂ ಅರ್ಧರ್ಧ. ಮ್ಯಾನ್‌ಹೋಲ್ ಕೆಳಗೆ ಹರಿಯುವುದು ಪಕ್ಕದ ಮನೆಯದೂ ಸೇರಿದ ಪೈಪ್. 2011ರಿಂದ ಅಂಥವು ನೀರಿನ ಕಂಪನಿಗೆ ಸೇರಿವೆ, ಹಾಗಾಗಿ ಅವರ ಒಪ್ಪಿಗೆಗೂ ಬೇರೆ ಓಡಾಟ. ಒಂಬತ್ತು ವಾರ ಹೋಯಿತು. ಅಷ್ಟರಲ್ಲಿ ಎಸ್ಟೇಟ್ ಏಜೆಂಟ್ ನಮ್ಮನ್ನ ಎಷ್ಟು ಸಲ ಬೈದುಕೊಂಡರೋ!

ಸರ್ಟಿಫಿಕೇಟ್ ಇಲ್ಲಿದೆ, ಒಂದೇ ಹಾಳೆ. ನಿಯಮ ಪಾಲನೆಗೆ ಇದು ಸಾಕ್ಷಿ, ಆದರೆ ಕೊನೆಯ ಮಾತಲ್ಲ ಅಂತ ಅದರಲ್ಲೇ ಬರೆದಿದೆ. ಎಷ್ಟು ಹುಷಾರು ನೋಡಿ!

ಮ್ಯಾನ್‌ಹೋಲ್ ಎಲ್ಲೂ ಹೋಗಿಲ್ಲ. ಇನ್ಸ್‌ಪೆಕ್ಟರ್ ಹೇಳಿದ ಹಾಗೆ ವಾಸನೆ ಬಾರದಂತೆ ಬಿಗಿಯಾದ, ಸ್ಕ್ರೂ ಹಾಕಿದ ಹೊಸ ಮುಚ್ಚಳ ಬಂದಿದೆ. ಮೇಲೆ ಊಟದ ಟೇಬಲ್ ಇಟ್ಟಿದ್ದೇವೆ. ಜೂನ್‌ನಲ್ಲಿ ಅಮ್ಮ ಬರುತ್ತಾರೆ. ಮಡಿ, ವಾಸ್ತು ಎಲ್ಲ ನೋಡುವವರು. ಅಪ್ಪನಿಗೆ ಗೊತ್ತು, ಬಾಯಿ ಬಿಟ್ಟಿಲ್ಲ. ಹಾಸನದ ಕಡೆಯವರು ಯಾರಾದರೂ ನೋಡುತ್ತಿದ್ದರೆ, ದಯವಿಟ್ಟು ಈ ವಿಡಿಯೋ ಅಮ್ಮನಿಗೆ ಫಾರ್ವರ್ಡ್ ಮಾಡಬೇಡಿ.