ಓಸ್ಲೊ: ಕೈಯಲ್ಲಿ ದುಡ್ಡು ಕಮ್ಮಿ ಇರೋರಿಗೆ

ಎಲ್ಲರಿಗೂ ನಮಸ್ಕಾರ. ನಾರ್ವೆಯ ರಾಜಧಾನಿ ಓಸ್ಲೊಗೆ ಹೋಗಿ ಬರ್ತೀನಿ ಅಂತ ಯಾರಾದ್ರೂ ಮನೇಲಿ ಬಾಯಿ ಬಿಟ್ರೆ ಮೊದ್ಲು ಬರೋ ಮಾತೇ "ಅಯ್ಯೋ, ಅಲ್ಲಿ ಒಂದು ಕಾಫಿಗೆ 400 ರೂಪಾಯಿ ಅಂತೆ" ಅಂತ. ಸುಳ್ಳೇನಲ್ಲ. ಅಲ್ಲಿನ ಒಂದು ಕ್ರೋನ್ ನಮ್ಮ 8-9 ರೂಪಾಯಿ ಆಸುಪಾಸಲ್ಲಿ ಇರುತ್ತೆ, ಕೆಫೆಲಿ ಕಾಫಿ 50 ಕ್ರೋನ್ ಹತ್ತಿರ, ಹೋಟೆಲಲ್ಲಿ ಕೂತು ಒಂದು ಪ್ಲೇಟ್ ಊಟ ಮಾಡಿದ್ರೆ 250 ಕ್ರೋನಿಗೆ ಕಮ್ಮಿ ಆಗೋದು ಕಷ್ಟ. ಆದ್ರೂ ನಾನು ಹೇಳೋದು, ದುಡ್ಡು ಕಮ್ಮಿ ಇದೆ ಅಂತ ಈ ಊರನ್ನ ಲಿಸ್ಟಿಂದ ತೆಗೀಬೇಡಿ.

ಯಾಕೆ ಅಂದ್ರೆ ಅಲ್ಲಿ ದುಬಾರಿ ಆಗಿರೋದು ಮುಖ್ಯವಾಗಿ ಇನ್ನೊಬ್ಬರ ಕೈಕೆಲಸ. ಅಡುಗೆ ಮಾಡೋರು, ತಟ್ಟೆ ತಂದಿಡೋರು, ಪಾತ್ರೆ ತೊಳೆಯೋರು ಎಲ್ಲರಿಗೂ ಮರ್ಯಾದೆಯಾಗಿ ಬದುಕೋ ಅಷ್ಟು ಸಂಬಳ ಇದೆ, ಅದು ಬಿಲ್ಲಲ್ಲಿ ಬರುತ್ತೆ, ಅದರ ಮೇಲೆ ಹೋಟೆಲ್ ಊಟಕ್ಕೆ 25 ಪರ್ಸೆಂಟ್ ತೆರಿಗೆ. ಅದೇ ಅಂಗಡಿಲಿ ತಗೊಳೋ ತಿಂಡಿ ತೀರ್ಥಕ್ಕೆ ತೆರಿಗೆ 15 ಪರ್ಸೆಂಟ್. ಅಂದ್ರೆ ನಮ್ಮ ಕೆಲಸ ನಾವೇ ಮಾಡ್ಕೊಂಡ್ರೆ ಅರ್ಧಕ್ಕರ್ಧ ಖರ್ಚು ಅಲ್ಲೇ ಇಳಿಯುತ್ತೆ. ಇನ್ನು ಎಲ್ಲರಿಗೂ ಸೇರಿದ್ದು ಅಂತ ಏನಿದೆಯೋ, ನೀರು, ಕಾಡು, ಪಾರ್ಕು, ಲೈಬ್ರರಿ, ಅದಕ್ಕೆಲ್ಲ ಆ ಊರು ದುಡ್ಡೇ ಕೇಳಲ್ಲ, ನನ್ನ ಪ್ರಕಾರ ಓಸ್ಲೊದಲ್ಲಿ ನೋಡಬೇಕಾಗಿರೋದೂ ಅದನ್ನೇ.

ಊಟದ ವಿಷಯ ಮೊದ್ಲು. ಅಡುಗೆಮನೆ ಇರೋ ಹಾಸ್ಟೆಲ್ ಹುಡುಕಿ. ಬೆಳಿಗ್ಗೆ ಆ ಅಡುಗೆಮನೇಲಿ ನಿಂತ್ಕೊಂಡು ನೋಡಿದ್ರೆ ಅಲ್ಲಿನೋರು ಮಧ್ಯಾಹ್ನಕ್ಕೆ ಬುತ್ತಿ ಕಟ್ಕೊಳೋದು ಕಾಣುತ್ತೆ. ಅದಕ್ಕೆ ಮಾತ್‌ಪಾಕೆ ಅಂತಾರೆ. ಕಂದು ಬ್ರೆಡ್ ಸ್ಲೈಸು, ಮೇಲೆ ಬೆಣ್ಣೆ, ಅದರ ಮೇಲೆ ಬೆಲ್ಲದ ಬಣ್ಣದ, ಸ್ವಲ್ಪ ಸಿಹಿ ಸಿಹಿಯಾದ ಬ್ರೂನೋಸ್ಟ್ ಅನ್ನೋ ಚೀಸು ತೆಳ್ಳಗೆ ಕೆತ್ತಿ ಇಡ್ತಾರೆ, ಒಂದರ ಮೇಲೆ ಇನ್ನೊಂದು ಸ್ಲೈಸ್ ಅಂಟಬಾರದು ಅಂತ ಮಧ್ಯೆ ಅಳತೆಗೆ ಕತ್ತರಿಸಿದ ಪೇಪರ್ ಹಾಳೆ, ಆ ಹಾಳೆಗಳದ್ದೇ ಕಟ್ಟು ಅಂಗಡಿಲಿ ಸಿಗುತ್ತೆ. ಸ್ಕೂಲ್ ಮಕ್ಕಳಿಂದ ಹಿಡಿದು ದೊಡ್ಡ ಆಫೀಸಿನೋರವರೆಗೂ ಇದೇ ತಿಂತಾರೆ, ಪಾರ್ಕಲ್ಲಿ ಬುತ್ತಿ ಬಿಚ್ಚಿ ಕೂತ್ರೆ ಯಾರೂ ತಿರುಗಿ ಸಹ ನೋಡಲ್ಲ. ಸಾಮಾನು ರೆಮಾ 1000, ಕಿವಿ (Kiwi) ಅನ್ನೋ ಹೆಸರಿನ ದಿನಸಿ ಅಂಗಡಿಲಿ ತಗೊಳಿ. ಅಕ್ಕಿ ಬೇಳೆ ಹಸಿಮೆಣಸಿನಕಾಯಿ ಕೊತ್ತಂಬರಿ ಬೇಕಂದ್ರೆ ಊರಿನ ಮುಖ್ಯ ರೈಲ್ವೆ ಸ್ಟೇಷನ್ನಿಂದ ನಡ್ಕೊಂಡೇ ಹೋಗೋ ಅಷ್ಟು ದೂರದಲ್ಲಿ ಗ್ರೊನ್‌ಲಾಂಡ್ ಅನ್ನೋ ಏರಿಯಾ ಇದೆ, ಅಲ್ಲಿ ಪಾಕಿಸ್ತಾನದಿಂದ, ಬೇರೆ ಬೇರೆ ದೇಶಗಳಿಂದ ಬಂದು ನೆಲೆಸಿರೋರ ಅಂಗಡಿಗಳಿವೆ, ತರಕಾರಿನೂ ಅಗ್ಗ. ಊರಿಂದ ಚಟ್ನಿಪುಡಿ, ಅವಲಕ್ಕಿ ಕಟ್ಕೊಂಡು ಹೋಗಿ, ಆದ್ರೆ ತುಪ್ಪ, ಪೇಡಾ ಅಂತ ಹಾಲಿನ ಪದಾರ್ಥ ಬೇಡ, ಮಾಂಸದ್ದೂ ಬೇಡ, ನಮ್ಮ ಕಡೆಯಿಂದ ಅದನ್ನ ಒಳಗೆ ತರೋ ಹಾಗಿಲ್ಲ. ನೀರಿನ ಬಾಟಲಿಗೆ ದುಡ್ಡು ಕೊಡಲೇಬೇಡಿ, ನಲ್ಲಿ ನೀರು ಮಾರಿಡಾಲ್ಸ್‌ವಾನೆಟ್ ಅನ್ನೋ ಕೆರೆದು, ಹಂಗೇ ಕುಡೀಬಹುದು.

ಓಡಾಟಕ್ಕೆ 24 ಗಂಟೆಯ ಟಿಕೆಟ್ ತಗೊಂಡ್ರೆ ಟ್ರಾಮು, ಬಸ್ಸು, ಮೆಟ್ರೋ ಎಲ್ಲದಕ್ಕೂ ಅದೇ ನಡೆಯುತ್ತೆ, ಮತ್ತೆ ಬಹಳ ಜನಕ್ಕೆ ಗೊತ್ತಾಗದೆ ಹೋಗೋ ವಿಷಯ, ಸಿಟಿ ಹಾಲ್ ಮುಂದಿನ ಕಟ್ಟೆಯಿಂದ ದ್ವೀಪಗಳಿಗೆ ಹೋಗೋ ದೋಣಿಗೂ ಅದೇ ಟಿಕೆಟ್ಟು. ಟೂರಿಸ್ಟ್ ಬೋಟಿಗೆ ಸಿಕ್ಕಾಪಟ್ಟೆ ಕೊಟ್ಟು ಯಾಕೆ ಹೋಗ್ಬೇಕು ಹೇಳಿ, ಹೋವೆಡೊಯಾ ದ್ವೀಪ ಕೆಲವೇ ನಿಮಿಷದ ದಾರಿ, ಅಲ್ಲಿ 1147ರಲ್ಲಿ ಇಂಗ್ಲೆಂಡಿಂದ ಬಂದ ಸನ್ಯಾಸಿಗಳು ಕಟ್ಟಿದ ಮಠದ ಗೋಡೆಗಳು ಈಗ್ಲೂ ನಿಂತಿವೆ. ಮೆಟ್ರೋಗೆ ಗೇಟ್ ಇಲ್ಲ ಅಂತ ಟಿಕೆಟ್ ಇಲ್ದೆ ಮಾತ್ರ ಹತ್ತಬೇಡಿ, ಚೆಕಿಂಗ್ ಇರುತ್ತೆ, ದಂಡ ಒಂದು ದಿನದ ಊಟದ ದುಡ್ಡಿಗಿಂತ ಎಷ್ಟೋ ಜಾಸ್ತಿ.

ನನಗೆ ತುಂಬಾ ಇಷ್ಟ ಆದ ಜಾಗ ಅಂದ್ರೆ ಸ್ಟೇಷನ್ ಪಕ್ಕದ ಡೈಕ್‌ಮನ್ ಲೈಬ್ರರಿ, 2020ರಲ್ಲಿ ಶುರುವಾಗಿದ್ದು. ಬಾಗಿಲಲ್ಲಿ ಯಾರೂ ಏನೂ ಕೇಳಲ್ಲ, ಬೆಚ್ಚಗೆ ಕೂತ್ಕೊಬಹುದು. ಮೇಲಿನ ಮಹಡಿಲಿ ಒಂದು ಪುಟ್ಟ ಮರದ ಕೋಣೆ ಇದೆ, ಶೂ ಬಿಚ್ಚಿಟ್ಟು ಒಳಗೆ ಹೋಗ್ಬೇಕು. ವರ್ಷಕ್ಕೊಬ್ಬ ಲೇಖಕರು ಒಂದು ಹಸ್ತಪ್ರತಿ ಕೊಡ್ತಾರೆ, ಅದನ್ನ ಯಾರೂ ಓದೋ ಹಾಗಿಲ್ಲ, ಆ ಗೋಡೆಯೊಳಗೆ ಭದ್ರವಾಗಿರುತ್ತೆ, 2114ರಲ್ಲಿ ಎಲ್ಲವನ್ನೂ ಸೇರಿಸಿ ಪ್ರಿಂಟ್ ಮಾಡ್ತಾರೆ. ಅದಕ್ಕೆ ಕಾಗದ ಬೇಕಲ್ಲ, ಅಂತ 2014ರಲ್ಲೇ ಊರಾಚೆ ನೂರ್ಡ್‌ಮಾರ್ಕಾ ಕಾಡಲ್ಲಿ 1000 ಸ್ಪ್ರೂಸ್ ಸಸಿ ನೆಟ್ಟಿದ್ದಾರೆ. ಇವತ್ತು ಬದುಕಿರೋ ನಮ್ಮಲ್ಲಿ ಬಹುತೇಕರು ಓದಲಾರದ ಪುಸ್ತಕಕ್ಕೆ ಇಷ್ಟು ಜತನ! ಆ ಕೋಣೆಲಿ ಕೂರೋಕೆ ಒಂದು ಪೈಸೆ ಖರ್ಚಿಲ್ಲ.

ಫ್ರೊಗ್ನರ್ ಪಾರ್ಕೂ ಹಾಗೇ, ಹಗಲು ರಾತ್ರಿ ತೆಗೆದಿರುತ್ತೆ. ಗುಸ್ತಾವ್ ವಿಗೆಲಾನ್ ಅನ್ನೋ ಶಿಲ್ಪಿಗೆ 1921ರಲ್ಲಿ ನಗರದೋರು ಮನೆ, ಸ್ಟುಡಿಯೋ ಕೊಟ್ರು, ಅದಕ್ಕೆ ಬದಲಾಗಿ ಅವರು ತಮ್ಮ ಕೆಲಸವನ್ನೆಲ್ಲ ನಗರಕ್ಕೇ ಬರೆದುಕೊಟ್ರು, ಅದಕ್ಕೇ 200ಕ್ಕೂ ಹೆಚ್ಚು ಶಿಲ್ಪಗಳನ್ನ ಇವತ್ತು ಯಾರು ಬೇಕಾದ್ರೂ ಮುಟ್ಟಿ ನೋಡಬಹುದು. ನಡುವೆ ನಿಂತಿರೋ ಕಂಬ ಒಂದೇ ಗ್ರಾನೈಟ್ ಬಂಡೆ, ಅದರಲ್ಲಿ 121 ಮನುಷ್ಯರು ಒಬ್ಬರ ಮೇಲೊಬ್ಬರು, ಮೂವರು ಕಲ್ಲುಕುಟಿಗರು 14 ವರ್ಷ ಕೆತ್ತಿದ್ದು. ಒಪೆರಾ ಹೌಸಿನ ಮಾರ್ಬಲ್ ಛಾವಣಿ ಮೇಲೂ ಫ್ರೀಯಾಗಿ ನಡ್ಕೊಂಡು ಹೋಗಬಹುದು, ನೊಬೆಲ್ ಶಾಂತಿ ಪ್ರಶಸ್ತಿ ಕೊಡೋ ಸಿಟಿ ಹಾಲಿಗೂ ಟಿಕೆಟ್ ಇಲ್ಲ.

ಜೂನಲ್ಲಿ ಹೋದ್ರೆ ಒಳ್ಳೇದು, ರಾತ್ರಿ ಹತ್ತೂವರೆವರೆಗೂ ಬೆಳಕಿರುತ್ತೆ, ಒಂದೇ ದಿನದ ಬಾಡಿಗೇಲಿ ಎರಡು ದಿನದಷ್ಟು ನೋಡಬಹುದು. ಏರ್‌ಪೋರ್ಟಿಂದ ಬರುವಾಗ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಬಿಟ್ಟು ಮಾಮೂಲಿ ರೈಲು ಹತ್ತಿ, ಅದರ ರೇಟು ಅರ್ಧದಷ್ಟು, ಸಮಯದಲ್ಲಿ ಅಂಥ ವ್ಯತ್ಯಾಸ ಇಲ್ಲ. ಹಾಸ್ಟೆಲಲ್ಲಿ ಬೆಡ್‌ಶೀಟಿಗೂ ಬೇರೆ ಬಾಡಿಗೆ ಹಾಕೋರಿದ್ದಾರೆ, ಬುಕ್ ಮಾಡೋವಾಗ್ಲೇ ಕೇಳ್ಕೊಳಿ, ಮನೆಯಿಂದ ಒಂದು ತಗೊಂಡು ಹೋದ್ರೂ ನಡೆಯುತ್ತೆ ಅಂದ್ರೆ ತಗೊಂಡೇ ಹೋಗಿ. ಇನ್ನೊಂದು, ಭಾನುವಾರ ದೊಡ್ಡ ದಿನಸಿ ಅಂಗಡಿಗಳು ಬಹುತೇಕ ಮುಚ್ಚಿರುತ್ವೆ, ತೆಗೆದಿರೋ ಚಿಕ್ಕ ಅಂಗಡಿಗಳಲ್ಲಿ ರೇಟು ಜಾಸ್ತಿ, ಹಂಗಾಗಿ ಬ್ರೆಡ್ಡು, ಹಾಲು, ತರಕಾರಿ ಎಲ್ಲ ಶನಿವಾರವೇ ತಂದಿಟ್ಕೊಳಿ. ನಮಸ್ಕಾರ.