ಮೊದಲು ಓಮ್, ಆಮೇಲೆ ವ್ಯಾಟ್
(ಶಿವಮೊಗ್ಗದಲ್ಲಿ ಆಟೋ ಎಲೆಕ್ಟ್ರಿಷಿಯನ್‌ಗಳಿಗೆ ನೀಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ಬ್ಯಾಟರಿ, ಆಲ್ಟರ್ನೇಟರ್, ರಿಲೇ ಬಗ್ಗೆ ನಾನು ನಿಮಗೆ ಹೇಳಿಕೊಡಬೇಕಾದ್ದು ಏನೂ ಇಲ್ಲ. ದಿನಾ ಕೈ ಕಪ್ಪು ಮಾಡಿಕೊಳ್ಳೋರು ನೀವು. ನನಗೆ ಹೇಳಲೇಬೇಕಾಗಿರೋದು ಒಂದೇ ಮಾತು. ಗಿರಾಕಿ ಗಾಡಿಗೆ ಹಾಕಿ ಅಂತ ವೂಫರ್, ಅಂದರೆ ತಗ್ಗಿನ ಸದ್ದಿನ ದೊಡ್ಡ ಸ್ಪೀಕರ್, ತಂದು ಮುಂದಿಟ್ಟಾಗ ಡಬ್ಬದ ಮೇಲೆ ಎಷ್ಟು ವ್ಯಾಟ್ ಅಂತ ಬರೆದಿದೆ ಅಂತ ನೋಡೋಕೆ ಮುಂಚೆ ಮೀಟರ್ ಕೈಗೆ ತಗೊಂಡು ಓಮ್, ಅಂದರೆ ಕರೆಂಟಿಗೆ ಅದು ಒಡ್ಡೋ ತಡೆ ಎಷ್ಟು ಅಂತ ನೋಡಿ. ಮೊದಲು ಓಮ್, ಆಮೇಲೆ ವ್ಯಾಟ್.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಆಷಾಢದ ಮಳೆಯಲ್ಲಿ ಬೊಲೆರೊ ತಂದರು. ಜೊತೆಗೆ ಮಗ, ಇಂಜಿನಿಯರಿಂಗ್ ಓದೋ ಹುಡುಗ. ಯಜಮಾನರ ದೂರು ಏನು ಗೊತ್ತಾ? "ಶಿವಮೊಗ್ಗ ಬಿಟ್ಟರೆ ಸಕ್ರೆಬೈಲುವರೆಗೂ ಚೆನ್ನಾಗಿ ಹಾಡ್ತದೆ ಮಾರಾಯ್ರೆ. ಮಂಡಗದ್ದೆ ಬಂತು ಅಂದ್ರೆ ಕೆಂಪು ದೀಪ ಹತ್ತಿ ಸುಮ್ಮನಾಗ್ತದೆ. ಅಲ್ಲಿಂದ ಮನೆವರೆಗೆ ಹಕ್ಕಿ ಕೂಗೋದು ಕೇಳ್ಕೊಂಡು ಹೋಗೋದೇ!" ಹಾಕಿಕೊಟ್ಟ ಅಂಗಡಿಯವರು ಆಂಪ್ಲಿಫೈಯರ್, ಅಂದರೆ ಸ್ಪೀಕರಿಗೆ ಪವರ್ ಕೊಡೋ ಆಂಪ್, ಕೆಟ್ಟಿದೆ ಅಂತ ಹೊಸದು ಕೂರಿಸಿದ್ದರು. ಹೊಸದೂ ಮಂಡಗದ್ದೆಯಲ್ಲೇ ನಿಂತಿತು. ಬ್ಯಾಟರಿ ಸಾಲದು ಅಂತ ಬ್ಯಾಟರಿ ಬದಲಾಯಿಸಿದರು. ಆದರೂ ಮಂಡಗದ್ದೆಯೇ. ಕೊನೆಗೆ ಹುಡುಗನಿಗೆ ಆ ಊರಿನ ಮೇಲೇ ಅನುಮಾನ ಬಂದಿತ್ತು.

ಡಿಕ್ಕಿ ತೆಗೆದೆ. ಎರಡು ವೂಫರ್, ಎರಡೂ ಡ್ಯುಯಲ್ ವಾಯ್ಸ್ ಕಾಯಿಲ್, ಅಂದರೆ ಒಂದೊಂದರಲ್ಲೂ ಎರಡು ತಂತಿ ಸುರುಳಿ, ಒಂದೊಂದು ಕಾಯಿಲ್ 4 ಓಮ್. ಒಟ್ಟು ನಾಲ್ಕು ಕಾಯಿಲ್. ಕೆಂಪು ವೈರೆಲ್ಲ ಒಂದು ಕಡೆ, ಕಪ್ಪು ವೈರೆಲ್ಲ ಒಂದು ಕಡೆ ಸುತ್ತಿ ಇನ್ಸುಲೇಷನ್ ಟೇಪ್ ಹಾಕಿದ್ದರು. ಎಲ್ಲಾ ಪ್ಯಾರಲಲ್, ಅಂದರೆ ಅಕ್ಕಪಕ್ಕ ಜೋಡಿಸಿದ್ದು, ಲೆಕ್ಕಕ್ಕೆ 1 ಓಮ್. ಆಂಪ್ ಕಡೆಯ ತುದಿ ಬಿಚ್ಚಿ ಮೀಟರ್ ಇಟ್ಟರೆ ಒಂದಕ್ಕಿಂತ ಕೆಳಗೆ ತೋರಿಸಿತು. ಆಂಪಿನ ಹೊಟ್ಟೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಕನಿಷ್ಠ 2 ಓಮ್. ಓಮ್ ಅರ್ಧಕ್ಕೆ ಇಳಿದದ್ದರಿಂದ ಅದು ತಡೆಯೋದಕ್ಕಿಂತ ಎರಡರಷ್ಟು ಕರೆಂಟನ್ನ ಇವರು ಎಳೀತಿದ್ದರು. ಬಿಸಿಯಾಗೋಕೆ ಬೇಕಾದ ಹೊತ್ತು ಅಂದರೆ ಶಿವಮೊಗ್ಗದಿಂದ ಮಂಡಗದ್ದೆಗೆ ಹೋಗೋ ಹೊತ್ತು. ಬಿಸಿಯಾದ ಆಂಪ್ ತನ್ನನ್ನ ಉಳಿಸಿಕೊಳ್ಳೋಕೆ ಪ್ರೊಟೆಕ್ಷನ್‌ಗೆ ಹೋಗ್ತಿತ್ತು. ಊರಿನದ್ದೂ ತಪ್ಪಿಲ್ಲ, ಬ್ಯಾಟರಿಯದ್ದೂ ತಪ್ಪಿಲ್ಲ.

ಒಂದೊಂದು ವೂಫರಿನ ಎರಡು ಕಾಯಿಲನ್ನ ಸೀರೀಸ್ ಮಾಡಿದೆ, ಅಂದರೆ ಒಂದರ ಹಿಂದೆ ಒಂದು ಜೋಡಿಸಿದೆ, 8 ಓಮ್ ಆಯ್ತು. ಅಂಥ ಎರಡನ್ನ ಪ್ಯಾರಲಲ್ ಮಾಡಿದೆ, 4 ಓಮ್. "ಅಂಕಲ್, 2 ಓಮ್ ಮಾಡಿ, ಪೂರ್ತಿ ಪವರ್ ಬರಲಿ" ಅಂದ ಹುಡುಗ. ಒಳ್ಳೆ ಪ್ರಶ್ನೆ. ಆದರೆ ಆ ನಾಲ್ಕು ಕಾಯಿಲಿಗೂ ಪವರ್ ಸಮನಾಗಿ ಹೋಗಬೇಕು ಅಂದರೆ ಬರೋದು 1, 4 ಇಲ್ಲಾ 16 ಓಮ್. ಎರಡು ಬರೋದೇ ಇಲ್ಲ. 2 ಓಮ್ ಬೇಕು ಅಂದರೆ ಅಂಗಡಿಯಲ್ಲೇ ಡ್ಯುಯಲ್ 2 ಓಮ್ ವೂಫರ್ ಕೊಳ್ಳಬೇಕಿತ್ತು. ಅದನ್ನ ಹೀಗೇ ಜೋಡಿಸಿದರೆ ಸರಿಯಾಗಿ 2 ಓಮ್ ಕೂರುತ್ತೆ. ಅದಕ್ಕೇ ನಾನು ಬಡಕೊಳ್ಳೋದು, ದುಡ್ಡು ಕೊಡೋಕೆ ಮುಂಚೆ ಓಮ್ ನೋಡಿ ಅಂತ. 2 ಓಮಿನ ಬದಲು 4 ಓಮಲ್ಲಿ ಪವರ್ ಅರ್ಧ ಆದರೂ ಸದ್ದು ಇಳಿಯೋದು 3 ಡೆಸಿಬಲ್ ಅಷ್ಟೆ. ಕಾರಿನೊಳಗೆ ಕೂತವರಿಗೆ ಅದು ದೊಡ್ಡ ನಷ್ಟವೇ ಅಲ್ಲ. ಆ ಗಾಡಿ ಈಗ ಆಗುಂಬೆವರೆಗೂ ಹಾಡ್ಕೊಂಡು ಹೋಗುತ್ತೆ.

ಮೀಟರ್ ಇಡೋದರಲ್ಲೂ ಒಂದು ಕ್ರಮ ಇದೆ. ಮೊದಲು ಎರಡು ಪ್ರೋಬನ್ನ ಒಂದಕ್ಕೊಂದು ಮುಟ್ಟಿಸಿ. ಸೊನ್ನೆ ಬರಲ್ಲ, 0.2 ಅಥವಾ 0.3 ತೋರಿಸುತ್ತೆ, ಅದು ಪ್ರೋಬಿನ ವೈರಿನದ್ದು, ಆಮೇಲೆ ಕಳೀರಿ. 4 ಓಮ್ ಕಾಯಿಲ್ ಮೀಟರಲ್ಲಿ ಮೂರೂವರೆ ಆಸುಪಾಸು ತೋರಿಸಿದರೆ ಗಾಬರಿಯಾಗಬೇಡಿ, ಡಿಸಿ ರೆಸಿಸ್ಟೆನ್ಸ್ ಯಾವಾಗಲೂ ಸ್ವಲ್ಪ ಕಮ್ಮಿ ಇರುತ್ತೆ. ಇನ್ನು ಎರಡು ಚಾನೆಲ್ ಬ್ರಿಡ್ಜ್ ಮಾಡೋರಿಗೆ, ಅಂದರೆ ಆಂಪಿನ ಎರಡು ಔಟ್‌ಪುಟ್ ಸೇರಿಸಿ ಒಂದೇ ಕಡೆ ಕೊಡೋರಿಗೆ: ಬ್ರಿಡ್ಜ್ ಆದಾಗ ಒಂದೊಂದು ಚಾನೆಲಿಗೆ ಕಾಣೋದು ಅರ್ಧ ಓಮ್ ಮಾತ್ರ. 2 ಓಮ್ ತಡೆಯೋ ಆಂಪನ್ನ ಬ್ರಿಡ್ಜ್ ಮಾಡಿದರೆ 4 ಓಮಿಗಿಂತ ಕೆಳಗೆ ಇಳೀಬೇಡಿ.

ವ್ಯಾಟ್ ಅಂತ ನೋಡೋದಾದರೆ ಆರ್‌ಎಂಎಸ್, ಅಂದರೆ ಎಡೆಬಿಡದೆ ತಡೆಯೋ ಪವರ್, ಅದೊಂದನ್ನೇ ನೋಡಿ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿರೋದು ಪೀಕ್, ಬರೀ ಕ್ಷಣಮಾತ್ರದ್ದು, ಅದನ್ನ ನಂಬಿ ಯಾವ ಲೆಕ್ಕವನ್ನೂ ಹಾಕೋಕಾಗಲ್ಲ. ಕ್ಲಾಸ್ ಡಿ ಅನ್ನೋ ಬಗೆಯ ಆಂಪ್ ಒಳಗೆ ಹೋದ ನೂರಕ್ಕೆ ಎಂಬತ್ತು ವ್ಯಾಟ್ ಹೊರಗೆ ಕೊಡುತ್ತೆ ಅಂತಿಟ್ಟುಕೊಳ್ಳಿ. 500 ವ್ಯಾಟ್ ಹೊರಗೆ ಬರಬೇಕಾದರೆ 625 ವ್ಯಾಟ್ ಒಳಗೆ ಹೋಗಬೇಕು. ಅದನ್ನ ಇಂಜಿನ್ ಓಡುವಾಗಿನ 13.8 ವೋಲ್ಟಿಂದ ಭಾಗಿಸಿದರೆ 45 ಆಂಪಿಯರ್. ಇದನ್ನ ಹಾರ್ನ್ ವೈರಿನಲ್ಲಿ ತಗೊಂಡು ಹೋಗೋರಿದ್ದಾರೆ! ದಪ್ಪನೆಯ ತಾಮ್ರದ ವೈರೇ ಬೇಕು. ಮೇಲೆ ತಾಮ್ರದ ಬಣ್ಣ, ಒಳಗೆ ಅಲ್ಯೂಮಿನಿಯಂ ಇರೋದನ್ನೇ ಹಾಕಬೇಕಾಗಿ ಬಂದರೆ ಒಂದು ಸೈಜ್ ದಪ್ಪ ಹಾಕಿ.

ಫ್ಯೂಸ್ ವಿಷಯದಲ್ಲಿ ನಾನು ರಾಜಿ ಆಗಲ್ಲ. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು. ಆಂಪಲ್ಲೇ ಫ್ಯೂಸ್ ಇದೆಯಲ್ಲ ಅಂತೀರಿ. ಅದು ಆಂಪಿಗೆ. ಇದು ವೈರಿಗೆ. ಫೈರ್‌ವಾಲ್, ಅಂದರೆ ಇಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡು, ಅದರ ತೂತಿಗೆ ರಬ್ಬರ್ ಬಳೆ, ಗ್ರೊಮೆಟ್, ಹಾಕದೆ ವೈರ್ ತೂರಿಸಿ, ಆ ಗಾಡಿ ಹುಲಿಕಲ್ ಘಾಟಿಯಲ್ಲಿ ವರ್ಷಗಟ್ಟಲೆ ಕುಲುಕಿದರೆ ತಗಡಿನ ಅಂಚು ವೈರಿನ ಸಿಪ್ಪೆ ಸುಲಿಯುತ್ತೆ. ಅಲ್ಲಿ ಶಾರ್ಟ್ ಆದರೆ ಬ್ಯಾಟರಿ ಪೂರ್ತಿ ಕರೆಂಟ್ ಸುರಿಯುತ್ತೆ, ತಡೆಯೋರು ಯಾರೂ ಇಲ್ಲ. ಆ ಗಾಡಿಯಲ್ಲಿ ಮಕ್ಕಳು ಕೂತಿರ್ತಾರೆ.

ಹೊತ್ತಾಯ್ತು ಅಂತ ಸನ್ನೆ ಮಾಡ್ತಿದ್ದಾರೆ. ಬೇಗ ಹೇಳ್ತೀನಿ. ಅರ್ತಿಂಗ್: ಪೇಂಟ್ ಕೆರೆದು ಬರೀ ತಗಡಿಗೆ ಬೋಲ್ಟ್ ಹಾಕಿ, ವೈರ್ ಗಿಡ್ಡ ಇರಲಿ, ಮೇಲೆ ಗ್ರೀಸ್ ಬಳೀರಿ. ನಮ್ಮ ಮಳೆಗೆ ಕೆರೆದ ಜಾಗ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತೆ. ಸ್ಟೀರಿಯೊದಿಂದ ಆಂಪಿಗೆ ಸಿಗ್ನಲ್ ತರೋ ಆರ್‌ಸಿಎ ಕೇಬಲ್ ಒಂದು ಪಕ್ಕ, ಪವರ್ ವೈರ್ ಇನ್ನೊಂದು ಪಕ್ಕ ಎಳೀರಿ.

ಲೋ ಪಾಸ್, ಅಂದರೆ ತಗ್ಗಿನ ಸದ್ದನ್ನ ಮಾತ್ರ ವೂಫರಿಗೆ ಬಿಡೋ ಫಿಲ್ಟರ್, 80 ಹರ್ಟ್ಸ್ ಹತ್ತಿರ ಇಡಿ. ಯಕ್ಷಗಾನದ ಚಂಡೆ ಸರಿಯಾಗಿ ಕೇಳ್ತಿಲ್ಲ, ವೂಫರ್ ಹಾಕಿ ಅಂತ ಬರ್ತಾರೆ. ಚಂಡೆಯ ಆ ಚುರುಕು ಪೆಟ್ಟು ವೂಫರಿಗೆ ಹೋಗೋದೇ ಇಲ್ಲ, ಮುಂದಿನ ಡೋರ್ ಸ್ಪೀಕರ್ ಸರಿಮಾಡಿ ಕೊಡಿ. ಡೊಳ್ಳು ಕೇಳೋರಿಗೆ ವೂಫರ್ ಹಾಕಿ.

ಆಂಪಿನ ಗೇನ್ ಅನ್ನೋದು ವಾಲ್ಯೂಮ್ ಅಲ್ಲ, ಬರೋ ಸಿಗ್ನಲ್ಲಿಗೆ ಆಂಪನ್ನ ಹೊಂದಿಸೋ ತಿರುಪು. ವ್ಯಾಟನ್ನ ಓಮಿಂದ ಗುಣಿಸಿ ವರ್ಗಮೂಲ ತೆಗೀರಿ, ಬರೋದು ಆಂಪ್ ಕೊಡಬೇಕಾದ ವೋಲ್ಟ್. 4 ಓಮಿಗೆ 300 ವ್ಯಾಟ್ ಅಂದರೆ 34.6 ವೋಲ್ಟ್. ಸ್ಪೀಕರ್ ವೈರ್ ಬಿಚ್ಚಿ, 50 ಹರ್ಟ್ಸ್ ಟೋನ್ ಹಾಕಿ, ಎಸಿ ವೋಲ್ಟಲ್ಲಿ ಮೀಟರ್ ಇಟ್ಟು ಅಷ್ಟಕ್ಕೇ ಗೇನ್ ನಿಲ್ಲಿಸಿ. ಇಲ್ಲೂ ನೋಡಿ, ಓಮ್ ಗೊತ್ತಿಲ್ಲದೆ ಈ ಲೆಕ್ಕ ಶುರುವೇ ಆಗಲ್ಲ.

ವೂಫರ್ ಕೂರಿಸೋ ಬಾಕ್ಸ್ ಕಟ್ಟೋದರ ಬಗ್ಗೆ ಹೇಳೋಕೆ ಇವತ್ತು ಆಗಲಿಲ್ಲ. ಹಿಂದಿನ ಮೇಜಿನ ಮೇಲೆ ಡ್ಯುಯಲ್ 4 ಓಮಿನ ಎರಡು ವೂಫರ್ ಇಟ್ಟಿದ್ದೀನಿ. ಮೀಟರ್ ತಂದಿರೋರು ಚಹಾ ಮುಗಿಸಿ ಅಲ್ಲಿಗೆ ಬನ್ನಿ. ವೈರ್ ಬಿಚ್ಚೇ ಇಟ್ಟಿದೆ, ಒಬ್ಬೊಬ್ಬರೇ ಜೋಡಿಸಿ ತೋರಿಸಿ.