ಶಿವರಾತ್ರಿಯಿಂದ ಚೈತ್ರದ ಹುಣ್ಣಿಮೆವರೆಗೆ: ಈ ಸಲ ಶಿರಸಿಗೆ ಬನ್ನಿ

ಎಲ್ಲರಿಗೂ ನಮಸ್ಕಾರ. ಶಿರಸಿಗೆ ಯಾವಾಗ ಬಂದರೆ ಚಂದ ಅಂತ ಕೇಳಿದರೆ ಜನ ಮಳೆಗಾಲ ಅನ್ನುತ್ತಾರೆ. ಜಲಪಾತ ತುಂಬಿರುತ್ತದೆ, ಎಲ್ಲಿ ನೋಡಿದರೂ ಹಸಿರು, ನಿಜ. ಆದರೆ ಮಳೆಗಾಲದಲ್ಲಿ ನಿಮಗೆ ಸಿಗುವುದು ಕಾಡು ಮಾತ್ರ. ಊರಿನವರೆಲ್ಲ ಬಾಗಿಲು ಹಾಕಿಕೊಂಡು ಒಳಗಿರುತ್ತಾರೆ. ಊರು ಬೀದಿಗೆ ಬರುವುದು ಚಳಿ ಇಳಿದು ಮಾವು ಚಿಗುರುವಾಗ. ಶಿವರಾತ್ರಿಯಿಂದ ಚೈತ್ರದ ಹುಣ್ಣಿಮೆವರೆಗೆ ಇಲ್ಲಿ ವಾರಕ್ಕೊಂದು ಕಡೆ ಜನ ಸೇರುತ್ತಲೇ ಇರುತ್ತಾರೆ. ಎಲ್ಲೂ ಟಿಕೆಟ್ ಇಲ್ಲ, ಪಾಸ್ ಇಲ್ಲ. ಬರಬೇಕು ಅಷ್ಟೇ.

ಮೊದಲು ಆಲೆಮನೆ. ಇದಕ್ಕೆ ಪಂಚಾಂಗ ನೋಡಬೇಕಿಲ್ಲ, ಕಬ್ಬು ಕಡಿಯುವ ಹೊತ್ತು ನೋಡಿದರೆ ಸಾಕು. ಹಳ್ಳಿಯಲ್ಲಿ ಗಾಣ ಹೂಡಿದ್ದಾರೆ ಅಂತ ಸುದ್ದಿ ಬಂದರೆ ಅಕ್ಕಪಕ್ಕದ ಊರಿನವರೂ ಸಂಜೆ ಹೊರಡುತ್ತಾರೆ. ಮೊದಲು ಕೋಣ ಕಟ್ಟಿ ಗಾಣ ತಿರುಗಿಸುತ್ತಿದ್ದರು, ಈಗ ಜಾಸ್ತಿ ಕಡೆ ಯಂತ್ರ. ದೊಡ್ಡ ಕೊಪ್ಪರಿಗೆಯಲ್ಲಿ ಬೆಲ್ಲ ಕುದಿಯುತ್ತಿರುತ್ತದೆ, ಹೊಗೆಯ ಜೊತೆ ಅದರ ವಾಸನೆ ರಸ್ತೆವರೆಗೂ ಬರುತ್ತದೆ. ಹೋದವರಿಗೆಲ್ಲ ಕಬ್ಬಿನ ಹಾಲು, ಜೊತೆಗೆ ಮಂಡಕ್ಕಿ, ಮಿರ್ಚಿ ಭಜೆ. ಒಂದು ಲೋಟಕ್ಕೆ ನಿಲ್ಲಿಸುತ್ತೀರಿ ಅಂದುಕೊಳ್ಳಬೇಡಿ. "ಇನ್ನೊಂದು ಲೋಟ ಕುಡಿಯೇ ತಂಗಿ, ಇದೆಂತ ಹೊಟ್ಟೆ ತುಂಬ್ತದಾ" ಅಂತ ಮನೆಯ ಅಜ್ಜಿ ಬಗ್ಗಿಸುತ್ತಲೇ ಇರುತ್ತಾರೆ. ಯಾರ ಮನೆಯವರು, ಎಲ್ಲಿಯವರು ಅನ್ನುವ ವಿಚಾರಣೆ ನಡೆಯುವುದು ಆಮೇಲೆ.

ಇಲ್ಲಿ ಸ್ವಲ್ಪ ನಿಂತು ನೋಡಿ. ಒಲೆಯ ಮೇಲೆ ಮಡಕೆಯನ್ನು ಬೋರಲು ಹಾಕಿದ್ದಾರೆ. ಪಕ್ಕದಲ್ಲಿ ಅಕ್ಕಿ ಹಿಟ್ಟು, ಕಬ್ಬಿನ ಹಾಲು ಸೇರಿಸಿ ಮಾಡಿದ ತೆಳ್ಳಗಿನ ಹಿಟ್ಟು. ಕೋಲಿಗೆ ಸುತ್ತಿದ ಬಟ್ಟೆಯನ್ನು ಅದರಲ್ಲಿ ಅದ್ದಿ, ಕಾದ ಮಡಕೆಯ ಬೆನ್ನ ಮೇಲೆ ಒಂದೇ ಸಲ ಎಳೆಯಬೇಕು. ಕೈ ನಿಂತರೆ ದಪ್ಪವಾಗುತ್ತದೆ, ಅವಸರ ಮಾಡಿದರೆ ಹರಿಯುತ್ತದೆ. ಮೇಲೊಂದಿಷ್ಟು ತುಪ್ಪ. ಅಂಚು ಏಳುತ್ತಿದ್ದ ಹಾಗೆ ಬಿಡಿಸಿ, ಬಿಸಿ ಇರುವಾಗಲೇ ತ್ರಿಕೋನ ಮಡಚಿ ಇಡುತ್ತಾರೆ. ಬೆಳಕಿಗೆ ಹಿಡಿದರೆ ಆಚೆ ಬದಿಯ ಬೆರಳು ಕಾಣುತ್ತದೆ, ಅಷ್ಟು ತೆಳು. ಇದೇ ನಮ್ಮ ತೊಡೆದೇವು. ಪ್ಯಾಕೆಟ್‌ನಲ್ಲಿ ಈಗ ಬೆಂಗಳೂರಲ್ಲೂ ಸಿಗುತ್ತದೆ. ಆದರೂ ಮಡಕೆಯ ಪಕ್ಕ ಕೂತು ತಿಂದವರಿಗೇ ಅದರ ರುಚಿ ಗೊತ್ತು.

ಶಿವರಾತ್ರಿಯ ದಿನ ಎಲ್ಲರ ದಾರಿಯೂ ಸಹಸ್ರಲಿಂಗದ ಕಡೆಗೆ. ಶಾಲ್ಮಲಾ ನದಿಯಲ್ಲಿ ಆ ಹೊತ್ತಿಗೆ ನೀರು ಇಳಿದಿರುತ್ತದೆ, ಬಂಡೆಗಳ ಮೇಲೆ ಕಡೆದ ಲಿಂಗಗಳೂ ಬಸವಗಳೂ ಕಾಣುತ್ತವೆ. ಇವನ್ನು ಸೋಂದೆಯ ಅರಸ ಸದಾಶಿವರಾಯ ಮಾಡಿಸಿದ್ದು ಅಂತ ಹೇಳುತ್ತಾರೆ. ಅವತ್ತು ಅಲ್ಲಿ ಪೂಜೆಗೆ ಸಾಲು ಇಲ್ಲ. ನಿಮಗೆ ಸಿಕ್ಕ ಲಿಂಗಕ್ಕೆ ನೀವೇ ನೀರು ಹಾಕಿ, ಹೂ ಇಟ್ಟು ಕೈ ಮುಗಿಯಬಹುದು. ನನಗೆ ಆ ದಿನದಲ್ಲಿ ತುಂಬಾ ಇಷ್ಟವಾಗುವುದು ಇದೇ. ಒಂದೇ ಒಂದು ಮಾತು: ಪ್ಲಾಸ್ಟಿಕ್ ಕವರ್, ಬಾಟಲಿ ಹೊಳೆಯಲ್ಲಿ ಬಿಡಬೇಡಿ. ತಂದದ್ದನ್ನು ವಾಪಸ್ ಒಯ್ಯಿರಿ.

ಈಗ ಈ ವರ್ಷದ ದೊಡ್ಡ ವಿಷಯಕ್ಕೆ ಬರುತ್ತೇನೆ. ಶಿರಸಿಯ ಲೆಕ್ಕ ಎರಡು ವರ್ಷದ್ದು. ಒಂದು ವರ್ಷ ಮಾರಿಕಾಂಬಾ ಜಾತ್ರೆ, ಮರುವರ್ಷ ಹೋಳಿಗೆ ಬೇಡರ ವೇಷ. 2022, 2024, 2026 ಜಾತ್ರೆಯವು. ಅಲ್ಲಿಗೆ 2027ರ ಪಾಳಿ ಬೇಡರ ವೇಷದ್ದು. ಜಾತ್ರೆಯ ಬಗ್ಗೆ ಹೊರಗಿನವರಿಗೂ ಗೊತ್ತಿರುತ್ತದೆ. ಬಿಡಕಿಬೈಲಿನಲ್ಲಿ ದೇವಿ ಕೂರುವ ಗದ್ದುಗೆ, ಒಂಬತ್ತು ದಿನದ ಸಂದಣಿ, ಉಡಿ ತುಂಬಲು ನಿಂತ ಹೆಂಗಸರ ಸಾಲು, ರಾತ್ರಿ ನಾಟಕ, ಯಕ್ಷಗಾನ. ಒಂದು ಕಾಲಕ್ಕೆ ಇದೇ ಜಾತ್ರೆಯಲ್ಲಿ ಕೋಣ ಬಲಿ ಇತ್ತು. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದ ಕಾಲದಲ್ಲಿ ಊರಿನವರೇ ಅದನ್ನು ನಿಲ್ಲಿಸಿದರು. ನೂರಾರು ವರ್ಷದ ಪದ್ಧತಿಯನ್ನು ಬಿಟ್ಟ ಮೇಲೂ ಜಾತ್ರೆ ಸೊರಗಲಿಲ್ಲ, ಇನ್ನೂ ದೊಡ್ಡದಾಗಿ ಬೆಳೆಯಿತು. ಶಿರಸಿಯವಳಾಗಿ ನನಗೆ ಇದು ದೊಡ್ಡ ಹೆಮ್ಮೆ.

ಆದರೆ ಬೇಡರ ವೇಷ ನೋಡಲು ನೀವು ಶಿರಸಿಗೇ ಬರಬೇಕು. ಅದರ ಹಿಂದೆ ಒಂದು ಕಥೆ ಇದೆ. ಸೋಂದೆಯ ಅರಸರ ಕಾಲದಲ್ಲಿ ಊರು ಕಾಯಲು ಮಲ್ಲೇಶಿ ಅನ್ನುವ ಬೇಡರವನನ್ನು ನೇಮಿಸಿದ್ದರಂತೆ. ಕಾಯಬೇಕಾದವನೇ ಹೆಣ್ಣುಮಕ್ಕಳಿಗೆ ಕಾಟ ಕೊಡಲು ಶುರು ಮಾಡಿದ. ಅವನನ್ನು ಮಣಿಸಿದವಳು ರುದ್ರಾಂಬಿಕೆ ಅನ್ನುವ ಹುಡುಗಿ. ಹೋಳಿಯಲ್ಲಿ ಕುಣಿಯುತ್ತಿದ್ದವನ ಕಣ್ಣು ಕೆಡಿಸಿದಳು. ಕೆರಳಿ ಅವಳ ಮೇಲೆ ಎರಗಲು ಹೋದವನನ್ನು ಜನ ಕಟ್ಟಿ ಹಿಡಿದರು. ಇವತ್ತಿಗೂ ವೇಷಧಾರಿಯ ಸೊಂಟಕ್ಕೆ ಹಗ್ಗ ಕಟ್ಟಿ, ಇಬ್ಬರು ಎರಡು ಕಡೆಯಿಂದ ಎಳೆದು ಹಿಡಿದಿರುತ್ತಾರೆ. ಅವನು ಕತ್ತಿ ಗುರಾಣಿ ಹಿಡಿದು ಜನರ ಮೇಲೆ ನುಗ್ಗುತ್ತಾನೆ, ಇವರು ಹಿಂದಕ್ಕೆ ಜಗ್ಗುತ್ತಾರೆ. ಅದು ಸುಮ್ನೆ ಎಳೆದಾಟ ಅಲ್ಲ, ತಮಟೆಯ ಪೆಟ್ಟಿಗೆ ಸರಿಯಾಗಿ ನಡೆಯುವ ಕುಣಿತ.

ನನ್ನ ಸಲಹೆ ಕೇಳಿದರೆ, ರಾತ್ರಿ ಹತ್ತಕ್ಕೆ ಬಂದು ನಿಲ್ಲಬೇಡಿ. ಸಂಜೆಗೂ ಮುಂಚೆ ಬನ್ನಿ, ಬಣ್ಣ ಹಚ್ಚುವಾಗ ನೋಡಿ. ಒಬ್ಬ ಹುಡುಗ ಗಂಟೆಗಟ್ಟಲೆ ಅಲುಗಾಡದೆ ಕೂತಿರುತ್ತಾನೆ. ಮುಖಕ್ಕೆ ಬಣ್ಣ ಏರುತ್ತದೆ, ಆಮೇಲೆ ಹತ್ತಿಯ ಮೀಸೆ, ಕಾಲಿಗೆ ಗೆಜ್ಜೆ, ಕೊನೆಗೆ ಬೆನ್ನಿಗೆ ನವಿಲುಗರಿಯ ದೊಡ್ಡ ಕಟ್ಟು. ಅವನ ಅಮ್ಮ ನೀರು ಕುಡಿಸಲು ಬಂದಿರುತ್ತಾರೆ, ಬಣ್ಣ ಕೆಡದ ಹಾಗೆ ಲೋಟ ಎತ್ತಿ ಬಾಯಿಗೆ ಹನಿಸುತ್ತಾರೆ. ಅಷ್ಟರಲ್ಲಿ ಹೊರಗೆ ತಮಟೆ ಶುರುವಾಗುತ್ತದೆ. ಹಗಲು ಅಂಗಡಿಯಲ್ಲೋ ಗ್ಯಾರೇಜಿನಲ್ಲೋ ಕೆಲಸ ಮಾಡುವ ಹುಡುಗ ಎದ್ದು ನಿಂತಾಗ ಬೇರೆಯೇ ಆಗಿರುತ್ತಾನೆ. ಇದಕ್ಕೆ ಎಷ್ಟೋ ದಿನ ಮೊದಲೇ ರಾತ್ರಿ ತಾಲೀಮು ನಡೆಯುತ್ತದೆ. ಕುಣಿದು ಪಳಗಿದ ಹಿರಿಯರು ಪಕ್ಕದಲ್ಲಿ ನಿಂತು ಹೆಜ್ಜೆ ತಿದ್ದುತ್ತಾರೆ. ವೇಷದ ಖರ್ಚು ಕಡಿಮೆಯೇನಲ್ಲ. ಗಲ್ಲಿಯವರು, ಅಂಗಡಿಯವರು ಕೈಲಾದಷ್ಟು ಹಾಕುತ್ತಾರೆ. ಹಾಗೆ ಎಲ್ಲರ ಪಾಲೂ ಇರುವುದರಿಂದಲೇ ಅದು ಎಲ್ಲರ ವೇಷ.

ಆ ರಾತ್ರಿಗಳಲ್ಲಿ ರಸ್ತೆಯ ಎರಡೂ ಬದಿ ಮಕ್ಕಳು ಮರಿ ಸಮೇತ ಸಂಸಾರಗಳೇ ಕೂತಿರುತ್ತವೆ. ನಿದ್ದೆಗಣ್ಣಿನ ಮಗು ಅಪ್ಪನ ಹೆಗಲ ಮೇಲೆ. ವೇಷ ಹತ್ತಿರ ಬಂದರೆ ಎಚ್ಚರ, ದೂರ ಹೋದರೆ ಮತ್ತೆ ನಿದ್ದೆ! ದಯವಿಟ್ಟು ಮೊಬೈಲಿನ ಲೈಟನ್ನು ಕುಣಿಯುವವರ ಕಣ್ಣಿಗೆ ಬಿಡಬೇಡಿ. ಹಗ್ಗ ಹಿಡಿದವರಿಗೆ ಹಿಂದೆ ಸರಿಯಲು ಜಾಗ ಬೇಕು, ಅವರ ಬೆನ್ನಿಗೆ ಒತ್ತಿಕೊಂಡು ನಿಲ್ಲಬೇಡಿ. ಇಷ್ಟು ನೋಡಿಕೊಂಡರೆ ಸಾಕು, ಶಿರಸಿಯವರು ನಿಮಗೆ ಮುಂದಿನ ಸಾಲಲ್ಲೇ ಜಾಗ ಕೊಡುತ್ತಾರೆ.

ಹೋಳಿ ಮುಗಿದ ಮೂರನೇ ದಿನ, ಫಾಲ್ಗುಣ ಬಹುಳ ತದಿಗೆಗೆ, ಸೋದೆಯಲ್ಲಿ (ಸೋಂದೆಯನ್ನೇ ಹೀಗೂ ಕರೆಯುತ್ತಾರೆ) ವಾದಿರಾಜ ಸ್ವಾಮಿಗಳ ಆರಾಧನೆ. ಹೋಳಿಗೆ ಬಂದವರು ಎರಡು ದಿನ ಉಳಿದುಕೊಂಡರೆ ಅದೂ ಸಿಗುತ್ತದೆ. ಆಮೇಲೆ ಯುಗಾದಿ, ರಾಮನವಮಿಯ ಪಾನಕ ಕೋಸಂಬರಿ, ಅವು ನಿಮ್ಮ ಊರಲ್ಲೂ ಇವೆ ಅಲ್ವಾ? ಚೈತ್ರದ ಹುಣ್ಣಿಮೆಗೆ ಮಂಜುಗುಣಿ ತೇರು. ಅದನ್ನು ಮಾತ್ರ ತಪ್ಪಿಸಬೇಡಿ. ಕಾಡಿನ ನಡುವೆ ಪುಟ್ಟ ಊರು, ಅವತ್ತು ಕಾಲಿಡಲು ಜಾಗ ಇರುವುದಿಲ್ಲ. ಬಿಸಿಲು ಜೋರು, ನೀರಿನ ಬಾಟಲಿ ಜೊತೆಗಿರಲಿ. ಬನವಾಸಿ ಶಿರಸಿಯಿಂದ ಸುಮಾರು 23 ಕಿಲೋಮೀಟರ್. ಸಮಯ ಇದ್ದರೆ ಮಧುಕೇಶ್ವರನನ್ನೂ ನೋಡಿಕೊಂಡು ಬನ್ನಿ.

ಹೊರಗಿನಿಂದ ಬರುವವರಿಗೆ ಒಂದು ವಿಷಯ. ಹೋಳಿಯ ಹೊತ್ತಿಗೆ ಲಾಡ್ಜ್ ಸಿಗುವುದು ಕಷ್ಟ, ಬೇಗ ಹೇಳಿಡಿ. ಹುಬ್ಬಳ್ಳಿಯಿಂದ ಬಸ್ ಧಾರಾಳವಾಗಿದೆ, ಬೆಂಗಳೂರಿನಿಂದ ರಾತ್ರಿ ಹತ್ತಿದರೆ ಬೆಳಗ್ಗೆ ಇಲ್ಲಿ. ಶಿರಸಿ ಬಿಟ್ಟು ಹೊರಗೆ ಕೆಲಸದಲ್ಲಿರುವ ನಮ್ಮೂರಿನವರೇ, ನೀವು ಒಂದು ವಾರ ರಜೆ ಹಾಕಿಯೇ ಬನ್ನಿ. ತಾಲೀಮಿಗೆ ಹುಡುಗರು ಬೇಕು, ಹಗ್ಗ ಹಿಡಿಯಲು ಗಟ್ಟಿ ಕೈಗಳು ಬೇಕು. ಮುಂದಿನ ವಿಡಿಯೊ ತಾಲೀಮಿನದ್ದೇ. ಯಾವ ಗಲ್ಲಿಯಿಂದ ಶುರು ಮಾಡಲಿ ಅಂತ ನೀವೇ ಹೇಳಿ, ಕ್ಯಾಮೆರಾ ತಗೊಂಡು ಅಲ್ಲಿಗೇ ಬರುತ್ತೇನೆ.